ಸಚಿನ್ ಬನ್ಸಲ್: ಅಂತರ್ಜಾಲ ವಾಣಿಜ್ಯವೂ ವಿಶ್ವಾಸವೂ

ವ್ಯಾಪಾರದ ನಿಜವಾದ ಮೂಲಧನ ವಿಶ್ವಾಸ. ವರ್ತಕನ ಮುಖವನ್ನೂ ಸರಕಿನ ಗುಣವನ್ನೂ ಕಣ್ಣಾರೆ ಕಂಡು ಹಣ ತೆರುವುದು ನಮ್ಮ ಜನರ ರೂಢಿ. ಇವೆರಡೂ ಕಾಣದ ಅಂತರ್ಜಾಲದ ಅಂಗಡಿಯಲ್ಲಿ ವಿಶ್ವಾಸವು ಹುಟ್ಟುವ ಬಗೆಯೆಂತು? ಸಚಿನ್ ಬನ್ಸಲ್ ಅವರ ಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಪಯುಕ್ತ.

ಸಚಿನ್ ಅವರು ೧೯೮೧ರಲ್ಲಿ ಚಂಡೀಗಢದಲ್ಲಿ ಜನಿಸಿದರು. ೨೦೦೫ರಲ್ಲಿ ದೆಹಲಿಯ ಐ.ಐ.ಟಿ.ಯಿಂದ ಗಣಕವಿಜ್ಞಾನದ ಪದವಿಯನ್ನು ಪಡೆದು, ಮುಂದೆ ಬೆಂಗಳೂರಿನಲ್ಲಿ ಅಮೆಜಾನ್ ಸಂಸ್ಥೆಯ ಉದ್ಯೋಗಿಯಾದರು. ಅದೇ ವಿದ್ಯಾಸಂಸ್ಥೆಯಲ್ಲಿ ಕಲಿತ ಬಿನ್ನಿ ಬನ್ಸಲ್ ಅವರ ಜೊತೆಗಾರರು. ಮನೆತನದ ಹೆಸರು ಒಂದೇ ಆದರೂ ಇವರಿಬ್ಬರು ಬಂಧುಗಳಲ್ಲ. ೨೦೦೭ರಲ್ಲಿ ಇಬ್ಬರೂ ನೌಕರಿಯನ್ನು ತೊರೆದು, ನಾಲ್ಕು ಲಕ್ಷ ರೂಪಾಯಿಗಳ ಬಂಡವಾಳದಿಂದ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯನ್ನು ಆರಂಭಿಸಿದರು.

ಮೊದಲು ಮಾರಿದ್ದು ಪುಸ್ತಕಗಳನ್ನು. ಪುಸ್ತಕ ಕೆಡುವುದಿಲ್ಲ, ಒಡೆಯುವುದಿಲ್ಲ. ಒಂದು ಪ್ರತಿಗೂ ಇನ್ನೊಂದಕ್ಕೂ ಭೇದವಿಲ್ಲ. ಆದುದರಿಂದ ಕಾಣದೆ ಕೊಳ್ಳಲು ಅದೇ ಯೋಗ್ಯವಾದ ಸರಕು. ಮೊದಲ ಬೇಡಿಕೆ ಬಂದುದು ಅಂದಿನ ಆಂಧ್ರಪ್ರದೇಶದ ಮಹಬೂಬ್‌ನಗರದಿಂದ. ದೊಡ್ಡ ಹುದ್ದೆಯನ್ನು ತ್ಯಜಿಸಿ ಬಡಮಕ್ಕಳಿಗಾಗಿ ಗ್ರಂಥಾಲಯಗಳನ್ನು ಕಟ್ಟಲು ಹೊರಟ ಜಾನ್ ವುಡ್ ಅವರ ಆತ್ಮಕಥನವೇ ಆ ಗ್ರಾಹಕರು ಬಯಸಿದ ಪುಸ್ತಕವೆಂಬುದು ವಿದ್ಯಾಸಂಸ್ಥೆಗಳಿಗೆ ಹರ್ಷದ ಸಂಗತಿ.

೨೦೧೦ರಲ್ಲಿ ಸಂಸ್ಥೆಯು ಸರಕು ಕೈಸೇರಿದ ಮೇಲೆಯೇ ಹಣ ಪಡೆಯುವ ಪದ್ಧತಿಯನ್ನು ತಂದಿತು. ಅಂಚೆಯ ವಿ.ಪಿ.ಪಿ. ಮೂಲಕ ಗ್ರಂಥಗಳನ್ನು ತರಿಸಿದ ಹಿರಿಯರಿಗೆ ಇದು ಅಪರಿಚಿತವಲ್ಲ. ಆದರೆ ಗ್ರಾಹಕನು ಬಾಗಿಲಲ್ಲಿ ಬೇಡವೆಂದರೆ ಹೋಗಿಬರುವ ವೆಚ್ಚವೆಲ್ಲ ಮಾರುವವನದು. ನಂಬುವ ಹೊರೆಯನ್ನು ಕೊಳ್ಳುವವನ ಹೆಗಲಿನಿಂದ ಇಳಿಸಿ ತನ್ನ ಹೆಗಲಿಗೆ ಏರಿಸಿಕೊಂಡುದೇ ಈ ಉದ್ಯಮದ ಏಳಿಗೆಯ ಒಂದು ಮುಖ್ಯ ಕಾರಣ.

ವಿಶ್ವಾಸವನ್ನು ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಠಿನ. ೨೦೧೪ರ ಅಕ್ಟೋಬರ್ ೬ರ ಮಹಾಮಾರಾಟದಂದು ಗ್ರಾಹಕರ ನೂಕುನುಗ್ಗಲನ್ನು ಗಣಕಯಂತ್ರಗಳು ತಾಳಲಿಲ್ಲ, ಸರಕು ಮುಗಿಯಿತು, ಕೆಲವು ಬೆಲೆಗಳು ದಿನದೊಳಗೇ ಬದಲಾದವು. ಮರುದಿನವೇ ಸ್ಥಾಪಕರಿಬ್ಬರೂ ಗ್ರಾಹಕರಿಗೆ ಪತ್ರ ಬರೆದು ಕ್ಷಮೆ ಕೋರಿದರು. ಅಧಿಕಾರವಿದ್ದೂ ತಲೆಬಾಗುವುದು ಸಣ್ಣ ಗುಣವಲ್ಲ.

೨೦೧೮ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು ಸುಮಾರು ೧,೬೦೦ ಕೋಟಿ ಡಾಲರುಗಳಿಗೆ ಫ್ಲಿಪ್‌ಕಾರ್ಟ್‌ನ ಸುಮಾರು ಶೇಕಡ ೭೭ರಷ್ಟು ಪಾಲನ್ನು ಕೊಂಡಿತು. ಸಚಿನ್ ತಮ್ಮ ಪಾಲನ್ನು ಮಾರಿ ಹೊರಬಂದರು. ಅದೇ ವರ್ಷ ನವಿ ಎಂಬ ಹಣಕಾಸಿನ ಉದ್ಯಮಕ್ಕೆ ಅಡಿಯಿಟ್ಟರು. ೨೦೨೪ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು, ಬಡ್ಡಿಯ ಪ್ರಮಾಣ ಅತಿಯಾಗಿದೆಯೆಂಬ ಆಕ್ಷೇಪದಿಂದ, ನವಿಯ ಸಾಲ ನೀಡುವ ಅಂಗಸಂಸ್ಥೆಯು ಹೊಸ ಸಾಲ ಕೊಡದಂತೆ ತಡೆಯಿತು. ಸಂಸ್ಥೆಯು ತನ್ನ ಕ್ರಮಗಳನ್ನು ತಿದ್ದಿಕೊಂಡ ಮೇಲೆ, ಡಿಸೆಂಬರಿನಲ್ಲಿ ಆ ನಿರ್ಬಂಧವು ತೆರವಾಯಿತು.

ಈ ಚರಿತ್ರೆಯಲ್ಲಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದುದು ಕೋಟಿಗಳ ಲೆಕ್ಕವನ್ನಲ್ಲ. ಶರಣರು ದುಡಿಮೆಯನ್ನು ಕಾಯಕವೆಂದು ಕರೆದಾಗ, ಫಲದಷ್ಟೇ ಅದನ್ನು ಗಳಿಸುವ ಮಾರ್ಗವೂ ಶುದ್ಧವಾಗಿರಬೇಕೆಂದು ಬಯಸಿದರು. ಲಾಭವಿಲ್ಲದೆ ಅಂಗಡಿ ನಿಲ್ಲದು. ಆದರೆ ಲಾಭಕ್ಕೊಂದು ಮಿತಿಯಿಲ್ಲದಿದ್ದರೆ ಅಂಗಡಿಯ ಬಾಗಿಲಿಗೆ ಬಂದವನ ನಂಬಿಕೆ ನಿಲ್ಲದು. ಕೊಳ್ಳುವವನಿಗಾಗಿ ತಾನೇ ನಷ್ಟದ ಭಯವನ್ನು ಹೊತ್ತ ದಿನ ಆ ಉದ್ಯಮ ಬೆಳೆಯಿತು. ಸಾಲಗಾರನ ಮೇಲೆ ಹೊರೆ ಹೆಚ್ಚಿತೆಂಬ ಆಕ್ಷೇಪ ಬಂದ ದಿನ ಈ ಉದ್ಯಮ ತಡೆಗೊಂಡಿತು. ಯಂತ್ರಗಳು ಬದಲಾದರೂ ವಾಣಿಜ್ಯದ ಧರ್ಮ ಬದಲಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.