ದಾವಣಗೆರೆ ಲೆಕ್ಕ

ಒಂದೇ ಮನೆಯಲ್ಲಿ ಒಬ್ಬರು ಓದಿ ಊರು ಬಿಡುತ್ತಾರೆ, ಇನ್ನೊಬ್ಬರು ತೋಟ ನೋಡಿಕೊಂಡು ಉಳಿಯುತ್ತಾರೆ. ಮಲೆನಾಡಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ, ನಮ್ಮದೂ ಅದರಲ್ಲೊಂದು. ಓದಿದವನ ಸಂಬಳ, ಫ್ಲ್ಯಾಟು, ಕಾರು ಎಲ್ಲರ ಕಣ್ಣಿಗೂ ಬೀಳುತ್ತವೆ. ಆ ಓದಿಗೆ ದುಡ್ಡು ಎಲ್ಲಿಂದ ಬಂತು, ಅದರಿಂದ ಯಾರಿಗೆ ಏನು ತಪ್ಪಿತು ಎಂಬ ಲೆಕ್ಕ ಮಾತ್ರ ಯಾರ ಪುಸ್ತಕದಲ್ಲೂ ಇರುವುದಿಲ್ಲ. ಅದನ್ನು ಬರೆಯಬೇಕು, ಬರೆದು ತೀರಿಸಬೇಕು, ಅದೂ ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲ ಗಟ್ಟಿಮುಟ್ಟಾಗಿ ಇರುವಾಗಲೇ. ಐವತ್ತು ದಾಟಿದ ಮೇಲೆ ಹಣದ ವಿಷಯದಲ್ಲಿ ನನಗೆ ಇಷ್ಟು ಖಚಿತವಾಗಿರುವ ಮಾತು ಇನ್ನೊಂದಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. 1994ರಲ್ಲಿ ದಾವಣಗೆರೆಗೆ ಎಂಜಿನಿಯರಿಂಗ್ ಓದಲು ಹೋದೆ. ಸುಪ್ರೀಂ ಕೋರ್ಟ್ ಹಿಂದಿನ ವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಖಾಸಗಿ ಕಾಲೇಜುಗಳ ಸೀಟು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಎರಡಾಗಿತ್ತು. ಸಿಇಟಿ ಶುರುವಾದದ್ದೂ ನಾನು ಸೇರಿದ ವರ್ಷವೇ. ನನಗೆ ಸಿಕ್ಕಿದ್ದು ಪೇಮೆಂಟ್ ಸೀಟು. ಅಣ್ಣ ಪಿಯುಸಿ ಮುಗಿಸಿ ಆಗಲೇ ತೋಟಕ್ಕಿಳಿದಿದ್ದ. ಅವನೂ ಬಿ.ಎಸ್ಸಿ. ಓದಬೇಕೆಂದಿದ್ದವನು.

ಬ್ಯಾಂಕಿನ ಶೈಕ್ಷಣಿಕ ಸಾಲ ಆಗ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಭಾರತೀಯ ಬ್ಯಾಂಕುಗಳ ಸಂಘ ಮಾದರಿ ಸಾಲ ಯೋಜನೆ ರೂಪಿಸಿದ್ದು 2001ರಲ್ಲಿ. ಅದಕ್ಕೂ ಮುಂಚೆ ತೋಟದವರಿಗೆ ಇದ್ದ ದಾರಿ ಅಡಿಕೆ ಮಂಡಿ. ಮುಂದಿನ ಕೊಯ್ಲಿನ ಮೇಲೆ ಮುಂಗಡ ತರುವುದು, ಅಡಿಕೆಯನ್ನು ಅದೇ ಮಂಡಿಗೆ ಹಾಕುವುದು, ವ್ಯಾಪಾರವಾದ ಮೇಲೆ ಅಸಲು ಬಡ್ಡಿ ಮುರಿದುಕೊಂಡು ಉಳಿದದ್ದನ್ನು ಅವರು ಕೊಡುವುದು. ದರ ಏರಲಿ ಎಂದು ಅಡಿಕೆ ಇಟ್ಟುಕೊಂಡು ಕಾಯುವ ಅನುಕೂಲ ಮುಂಗಡ ತಂದವನಿಗಿಲ್ಲ. ಅಂದರೆ ಓದಿನ ಖರ್ಚು ಬರೀ ಫೀಸಲ್ಲ. ಕಾಯಲಾಗದೆ ಕಳೆದುಕೊಂಡ ದರವೂ ಅದಕ್ಕೆ ಸೇರುತ್ತದೆ.

ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಆ ಕಾಲದ ಮಂಡಿ ಪಟ್ಟಿಗಳು ಸಿಕ್ಕವು, ದಾರದಲ್ಲಿ ಪೋಣಿಸಿ ಕಟ್ಟಿದ್ದು. ಮೇಲೆ ತೂಕ, ದರ. ಕೆಳಗೆ ದಲಾಲಿ, ಹಮಾಲಿ, ಸಾದಿಲ್ವಾರು, ಮುಂಗಡ ವಜಾ, ಬಡ್ಡಿ. ಪಟ್ಟಿಯ ಬೆನ್ನಿಗೆ ಅಪ್ಪಯ್ಯನ ಪೆನ್ಸಿಲ್ ಅಕ್ಷರ: ‘ದಾವಣಗೆರೆ ಫೀಸು’, ‘ದಾವಣಗೆರೆ ಮೆಸ್’, ‘ದಾವಣಗೆರೆ ಡ್ರಾಫ್ಟರ್’. 1996ರ ಪಟ್ಟಿಯೊಂದರಲ್ಲಿ ‘ದೊಡ್ಡವನ ಬೈಕು, ಬರುವ ವರ್ಷ’ ಎಂದಿದೆ. 1997ರದರಲ್ಲೂ ಅದೇ ಸಾಲು, ಅದೇ ಮಾತು. ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವನ್ನು ಓದಿದೆ. ಅವನು “ಆವಾಗ ಬೈಕ್ ತಗಂಡು ಎಲ್ಲಿಗೆ ಹೋಗಬೇಕಿತ್ತು ಮಾರಾಯ, ರಸ್ತೆಯೇ ಇರ್ಲಿಲ್ಲ” ಅಂದ. ರಸ್ತೆ ಇತ್ತು.

ದಾವಣಗೆರೆಯ ದಿನಗಳ ಬಗ್ಗೆ ನನಗೆ ಪ್ರೀತಿಯೇ ಇದೆ. ಹಾಸ್ಟೆಲ್ ಮೆಸ್ಸಿನಲ್ಲಿ ಡಿವೈಡಿಂಗ್ ಪದ್ಧತಿ. ತಿಂಗಳ ಒಟ್ಟು ಖರ್ಚನ್ನು ಉಂಡ ದಿನಗಳ ಲೆಕ್ಕಕ್ಕೆ ಹಂಚುತ್ತಿದ್ದರು. ಮೆಸ್ ಸೆಕ್ರೆಟರಿಯಾಗುವ ಹುಡುಗ ಸಂತೆಯಲ್ಲಿ ತರಕಾರಿ ಚೌಕಾಸಿ ಮಾಡುವುದರಿಂದ ಹಿಡಿದು ಬಾಕಿ ವಸೂಲಿಯವರೆಗೆ ಎಲ್ಲ ಕಲಿಯುತ್ತಿದ್ದ. ಇಂತಿಷ್ಟು ದಿನ ಸತತವಾಗಿ ಊರಿಗೆ ಹೋದರೆ ಮೆಸ್ ಕಟ್ ಸಿಗುತ್ತಿತ್ತು. ಕೊಯ್ಲಿನ ಹೊತ್ತಿಗೆ ಅದನ್ನು ಹೊಂದಿಸಿಕೊಂಡು ಊರಿಗೆ ಬಂದರೆ ಎರಡು ಲಾಭ, ಬಿಲ್ಲು ಇಳಿಯುತ್ತದೆ, ಅಡಿಕೆ ಸುಲಿಯಲು ಮನೆಗೊಂದು ಕೈ ಹೆಚ್ಚಾಗುತ್ತದೆ. ಯಾರು ಎಷ್ಟು ಉಂಡರು, ಯಾರ ಹೆಸರಿಗೆ ಎಷ್ಟು ಬಿತ್ತು ಎಂದು ತಿಂಗಳ ಕೊನೆಗೆ ಬೋರ್ಡಿಗೆ ಅಂಟಿಸುತ್ತಿದ್ದರು. ಅದರಿಂದ ಯಾರ ಸ್ನೇಹವೂ ಕೆಟ್ಟದ್ದನ್ನು ನಾನು ನೋಡಲಿಲ್ಲ.

1998ರಲ್ಲಿ ಪೀಣ್ಯದಲ್ಲಿ ಕೆಲಸವಾಯಿತು. ಭವಿಷ್ಯ ನಿಧಿಗೆ ಆಗ ನೂರಕ್ಕೆ 12 ಬಡ್ಡಿ. ನನ್ನ ಮೂಲವೇತನದ ನೂರಕ್ಕೆ 12ರಷ್ಟು ಅದಕ್ಕೆ ಹೋದರೆ ಕಂಪನಿಯೂ ಅಷ್ಟನ್ನೇ ಕೊಡುತ್ತಿತ್ತು, ಅದರಲ್ಲೊಂದು ಭಾಗ ಪಿಂಚಣಿಗೆ. ಅಣ್ಣನಿಗೆ ಇದ್ಯಾವುದೂ ಇಲ್ಲ. 2000ದ ಆಸುಪಾಸಿನಲ್ಲಿ ಅಡಿಕೆ ದರ ಬಿದ್ದಾಗ ನನ್ನ ಸಂಬಳ ಒಂದನೇ ತಾರೀಖಿಗೆ ಬರುತ್ತಲೇ ಇತ್ತು. ಕೊಳೆ ರೋಗ ಬಂದ ಮಳೆಗಾಲದಲ್ಲೂ ಬಂತು. ಈಚೆಗೆ ಎಲೆಚುಕ್ಕಿ ರೋಗದಿಂದ ತೋಟಗಳು ಒಣಗುತ್ತಿರುವಾಗಲೂ ಬರುತ್ತಿದೆ. ಕಾಲೇಜು ನನಗೆ ಕೊಟ್ಟದ್ದರಲ್ಲಿ ಸಂಬಳದ ಮೊತ್ತಕ್ಕಿಂತ ಈ ಖಾತ್ರಿಯೇ ದೊಡ್ಡದು. ಅಣ್ಣನಿಗೆ ತಪ್ಪಿದ್ದೂ ಅದೇ.

ಕಾನೂನು ಏನು ಹೇಳುತ್ತದೆ? 1921ರಲ್ಲಿ ಪ್ರಿವಿ ಕೌನ್ಸಿಲ್ ಮುಂದೆ ಒಂದು ಪ್ರಕರಣ ಬಂದಿತ್ತು. ಕುಟುಂಬದ ಹಣದಲ್ಲಿ ಓದಿ ಐಸಿಎಸ್ ಅಧಿಕಾರಿಯಾದವನ ಗಳಿಕೆ ಅವಿಭಕ್ತ ಕುಟುಂಬಕ್ಕೇ ಸೇರಬೇಕು ಎಂದು ಅಲ್ಲಿ ತೀರ್ಪಾಯಿತು. ಓದಿದವರು ಸುಮ್ಮನಿರುತ್ತಾರೆಯೆ? ‘ಹಿಂದೂ ಗೇನ್ಸ್ ಆಫ್ ಲರ್ನಿಂಗ್ ಆಕ್ಟ್’ 1930ರಲ್ಲಿ ಬಂತು. ಓದಿಗೆ ಖರ್ಚು ಮಾಡಿದವರು ಯಾರೇ ಆಗಿರಲಿ, ಓದಿನಿಂದ ಬಂದ ಗಳಿಕೆ ಓದಿದವನದೇ ಸ್ವಂತ ಎಂದು ಅದು ಹೇಳುತ್ತದೆ. ಹೀಗಾಗಿ ನನ್ನ ಸಂಬಳದಲ್ಲಿ ಅಣ್ಣನಿಗೆ ಪಾಲಿಲ್ಲ. ಪಿತ್ರಾರ್ಜಿತ ತೋಟದಲ್ಲಿ ಮಾತ್ರ ನನಗೆ ಅವನಷ್ಟೇ ಪಾಲಿದೆ. ಆ ಕಾನೂನು ಬೇಕಿತ್ತು, ಇಲ್ಲದಿದ್ದರೆ ದುಡಿಯುವವನ ಮೇಲೆ ದಾಯಾದಿಗಳ ಕೇಸು ಮುಗಿಯುತ್ತಲೇ ಇರಲಿಲ್ಲ. ಆದರೆ ನ್ಯಾಯದ ಉಳಿದರ್ಧವನ್ನು ಅದು ಓದಿದವನ ಮನಸ್ಸಿಗೆ ಬಿಟ್ಟಿದೆ.

ಆದಾಯ ತೆರಿಗೆಯೂ ಹಾಗೆಯೇ. ಹಳೆಯ ಪದ್ಧತಿಯಲ್ಲಿ ಆರೋಗ್ಯ ವಿಮೆಯ ಕಂತಿಗೆ ವಿನಾಯಿತಿ ಇದೆ, ಹೆಂಡತಿ ಮಕ್ಕಳಿಗೆ, ತಂದೆತಾಯಿಗೆ. ಅಣ್ಣನಿಗಿಲ್ಲ. ಶೈಕ್ಷಣಿಕ ಸಾಲದ ಬಡ್ಡಿಗೂ ವಿನಾಯಿತಿ ಇದೆ, ಅಣ್ಣನ ಮಗಳ ಸಾಲಕ್ಕಿಲ್ಲ. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ. ಒಂದು ಬಾಗಿಲು ಮಾತ್ರ ತೆರೆದಿದೆ: ಅಣ್ಣತಮ್ಮಂದಿರು, ಅಕ್ಕತಂಗಿಯರು ಒಬ್ಬರಿಗೊಬ್ಬರು ಎಷ್ಟೇ ಕೊಟ್ಟರೂ ಪಡೆದವರಿಗೆ ತೆರಿಗೆಯಿಲ್ಲ. ಚಿಕ್ಕಪ್ಪ ಅಣ್ಣನ ಮಕ್ಕಳಿಗೆ ಕೊಟ್ಟರೂ ಇಲ್ಲ. ತಿರುಗಿ ಆ ಮಕ್ಕಳು ಚಿಕ್ಕಪ್ಪನಿಗೆ ವರ್ಷಕ್ಕೆ 50,000 ರೂಪಾಯಿ ದಾಟಿ ಕೊಟ್ಟರೆ ತೆರಿಗೆ ಬೀಳುತ್ತದೆ. ಆದ್ದರಿಂದ ಕೊಡುವುದನ್ನು ಬ್ಯಾಂಕ್ ಮೂಲಕವೇ ಕೊಡಿ, ಯಾರಿಂದ ಯಾರಿಗೆ ಎಂದು ಒಂದು ಸಾಲು ಬರೆದಿಡಿ.

ನಾವು ಮಾಡಿಕೊಂಡಿರುವ ಏರ್ಪಾಡು ಇಷ್ಟು. ಅಪ್ಪಯ್ಯನ ಪಟ್ಟಿಗಳನ್ನು ಕೂಡಿಸಿ, ಚಕ್ರಬಡ್ಡಿ ಹಾಕಿ ಒಂದು ಮೊತ್ತ ತೆಗೆಯಬಹುದಿತ್ತು. ಅಂಥ ಮೊತ್ತವನ್ನು ಅಣ್ಣ ಕೈಯಲ್ಲೂ ಮುಟ್ಟುವವನಲ್ಲ. ಅದರ ಬದಲು, ನನ್ನ ಕೆಲಸ ನನಗೆ ಕೊಟ್ಟ ಯಾವ ಭದ್ರತೆ ಅವನಿಗಿಲ್ಲ ಎಂದು ನೋಡಿದೆವು. ಮೊದಲನೆಯದು ಆಸ್ಪತ್ರೆ ಖರ್ಚು. ಸಹಕಾರ ಸಂಘದ ಸದಸ್ಯನಾದ್ದರಿಂದ ಅವನಿಗೆ ಯಶಸ್ವಿನಿ ಇದೆ, ನಡುವೆ ಕೆಲವು ವರ್ಷ ನಿಂತು ಮತ್ತೆ ಶುರುವಾದದ್ದು. ಅದರ ಮೇಲೆ ಅವನ ಸಂಸಾರಕ್ಕೆಲ್ಲ ಸೇರಿ ಒಂದು ಫ್ಯಾಮಿಲಿ ಫ್ಲೋಟರ್ ಮಾಡಿಸಿ ಕಂತು ನಾನು ಕಟ್ಟುತ್ತೇನೆ. ಇಂಥ ಪಾಲಿಸಿಗೆ 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ಇಲ್ಲ. ಇನ್ನು ಮುಪ್ಪಿನ ದಿನಗಳು. ಎನ್‌ಪಿಎಸ್ 2009ರಿಂದ ಎಲ್ಲ ನಾಗರಿಕರಿಗೂ ತೆರೆದಿರುವುದರಿಂದ ಅವನ ಹೆಸರಿನಲ್ಲಿ ಖಾತೆ ತೆರೆದು, ಪ್ರತಿ ತಿಂಗಳು ನನ್ನ ಸಂಬಳದ ದಿನವೇ ಅಲ್ಲಿಗೂ ದುಡ್ಡು ಹೋಗುವಂತೆ ಮಾಡಿದ್ದೇವೆ. ಅಣ್ಣನ ಮಗಳು ಈಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಸಾಲ ಬ್ಯಾಂಕಿನದು, ಅವಳ ಹೆಸರಿನಲ್ಲೇ. ಓದುವಷ್ಟು ಕಾಲ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಏರುತ್ತಲೇ ಇರುತ್ತದೆ. ಆ ಬಡ್ಡಿ ನನ್ನ ಪಾಲಿನದು. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಮಾದರಿ ಯೋಜನೆಯ ಪ್ರಕಾರ ಬಡ್ಡಿ ದರದಲ್ಲಿ ಒಂದು ಶೇಕಡಾದಷ್ಟು ರಿಯಾಯಿತಿಯೂ ಉಂಟು. ಅಸಲು ಅವಳೇ ತೀರಿಸಲಿ ಎಂಬುದು ಅಣ್ಣನ ಹಟ. ಹಟ ಸರಿಯಾಗಿಯೇ ಇದೆ. ಬ್ಯಾಂಕಿನ ಸಾಲಕ್ಕೆ ಮುಗಿಯುವ ತಾರೀಖು ಇರುತ್ತದೆ, ಮನೆಯ ಸಾಲಕ್ಕೆ ಅದು ಇರುವುದಿಲ್ಲ.

ಇದನ್ನೆಲ್ಲ ನನ್ನ ಹೆಂಡತಿಗೆ ಮೊದಲು ಹೇಳಿದಾಗ ಅವಳು ಕೇಳಿದ್ದು ಒಂದೇ. “ಇದನ್ನ ಸಹಾಯ ಅಂತ ಬರೀಬೇಡಿ. ಕಂತು ಅಂತಲೇ ಬರೀರಿ. ಸಹಾಯ ಅಂದ್ರೆ ಕೈ ಬಿಗಿಯಾದ ತಿಂಗಳು ಮೊದಲು ನಿಲ್ಲೋದು ಅದೇ.” ನಮ್ಮ ಮನೆಯ ತಿಂಗಳ ಲೆಕ್ಕದಲ್ಲಿ ಗೃಹಸಾಲದ ಕಂತಿನ ಕೆಳಗೆ ‘ದಾವಣಗೆರೆ’ ಎಂದು ಇನ್ನೊಂದು ಸಾಲು ಇದೆ, ಅವಳೇ ಬರೆದದ್ದು. ಗೃಹಸಾಲ ಮುಗಿಯಿತು, ಈ ಸಾಲು ಇದೆ.

ಬಾಕಿ ಉಳಿದಿರುವುದು ತೋಟದ ಕಾಗದಪತ್ರ. ಖಾತೆ ಇನ್ನೂ ಜಂಟಿಯಾಗಿದೆ. ನನ್ನ ಪಾಲನ್ನು ಹಕ್ಕು ಬಿಡುಗಡೆ ಪತ್ರದ ಮೂಲಕ ಅಣ್ಣನಿಗೆ ಬಿಡುವುದೆಂದು ತೀರ್ಮಾನಿಸಿದ್ದೇನೆ. ಪಹಣಿ ಅವನ ಹೆಸರಿಗೆ ಬಂದರೆ ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆಸಾಲ ಪಡೆಯಲು ಅವನಿಗೆ ಹಗುರ. ಅಕ್ಕನ ವಿಷಯ ಹಾಗಲ್ಲ. ಅವಳ ಮದುವೆಯಾದದ್ದು 1993ರಲ್ಲಿ. ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಖಚಿತಪಡಿಸಿತು. ನಮ್ಮ ಕಡೆ ಈಗಲೂ ತಂಗಿ ಅಕ್ಕಂದಿರನ್ನು ಕಾರಿನಲ್ಲಿ ಕರೆತಂದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿಸಿ, ಸೀರೆ ಉಡುಗೊರೆ ಕೊಟ್ಟು ಕಳಿಸುವ ರೂಢಿ ಇದೆ. ನನ್ನ ಫೀಸಿಗೆ ಹೋದ ಮಂಡಿ ಮುಂಗಡದಲ್ಲಿ ಅವಳ ಪಾಲೂ ಇತ್ತು. ಅವಳು ಬೇಡ ಎನ್ನಲಿ, ಬೇಕು ಎನ್ನಲಿ, ತೋಟದ ಇವತ್ತಿನ ಬೆಲೆ ಎಷ್ಟು, ಅವಳ ಪಾಲಿಗೆ ಬರುವುದೆಷ್ಟು ಎಂದು ತಿಳಿದ ಮೇಲೆ ಹೇಳಲಿ ಎಂದು ನಾನು, ಅಣ್ಣ ಇಬ್ಬರೂ ಒಪ್ಪಿದ್ದೇವೆ. ಸರ್ವೆಗೆ ಅರ್ಜಿ ಹಾಕಿಯಾಗಿದೆ. ನಕ್ಷೆ ಕೈಗೆ ಬಂದ ಮೇಲೆ ಅಕ್ಕ ತನ್ನದೇ ವಕೀಲರಿಗೆ ತೋರಿಸಿ ಬರುತ್ತಾಳೆ. ಆ ವಕೀಲರ ಫೀಸು ನಾವಿಬ್ಬರೂ ಸಮನಾಗಿ ಹಾಕಿಕೊಳ್ಳುತ್ತೇವೆ.