ಕಲ್ಲಿನ ಮೇಲೆ ರೂವಾರಿಯ ಹೆಸರು

ನಮ್ಮ ಪ್ರಾಚೀನ ಶಿಲ್ಪಿಗಳು ಕೀರ್ತಿಯನ್ನು ಬಯಸಿದವರಲ್ಲ, ತಮ್ಮ ಹೆಸರನ್ನು ಎಲ್ಲಿಯೂ ಹೇಳಿಕೊಳ್ಳದೆ ಕೃತಿಯನ್ನು ದೇವರಿಗರ್ಪಿಸಿ ಮರೆಯಾದವರು ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಆಗಾಗ ಕೇಳುತ್ತೇವೆ. ಕೇಳುವುದಕ್ಕೆ ಬಹಳ ಸೊಗಸಾದ ಮಾತು. ಭಾಷಣದಲ್ಲಿ ಇದು ಬಂದಾಗ ಚಪ್ಪಾಳೆಯೂ ಬೀಳುತ್ತದೆ. ಆದರೆ ಹಾಸನ ಜಿಲ್ಲೆಯವರಾದ ನಾವು ಇದನ್ನು ಒಪ್ಪುವ ಮೊದಲು ನಮ್ಮ ಸುತ್ತಲಿನ ಗುಡಿಗಳ ಕಲ್ಲುಗಳನ್ನು ಒಮ್ಮೆ ಓದಿನೋಡುವುದು ಮೇಲು. ತನ್ನ ಕೆಲಸವನ್ನು ನಾಲ್ಕು ಜನ ಕಾಣಬೇಕು, ಕಂಡವರು ಇದು ಇಂಥವನ ಕೈಗೆಲಸವೆಂದು ತಿಳಿಯಬೇಕು ಎಂದು ಹೊಯ್ಸಳರ ಕಾಲದ ರೂವಾರಿಯು ಎಷ್ಟು ಹಂಬಲಿಸಿದನು, ಅದಕ್ಕಾಗಿ ಏನೇನು ಉಪಾಯ ಹೂಡಿದನು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿಯಾಗಿವೆ.

ದೊಡ್ಡಗದ್ದವಳ್ಳಿಯಿಂದ ಪ್ರಾರಂಭಿಸೋಣ. ಹಾಸನದಿಂದ ಬೇಲೂರಿನ ರಸ್ತೆಯಲ್ಲಿ ಹೋಗಿ ಒಳದಾರಿಗೆ ತಿರುಗಿದರೆ, ತೆಂಗಿನ ತೋಟಗಳನ್ನು ದಾಟಿದ ಮೇಲೆ, ಕೆರೆಯ ಮಗ್ಗುಲಲ್ಲಿ ಲಕ್ಷ್ಮೀದೇವಿಯ ಗುಡಿಯ ಶಿಖರಗಳು ಕಾಣುತ್ತವೆ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, ಕ್ರಿ.ಶ. 1113ರ ಸುಮಾರಿನಲ್ಲಿ, ಕಟ್ಟಿದ ಈ ಗುಡಿ ಹೊಯ್ಸಳ ಶೈಲಿಯ ಅತ್ಯಂತ ಹಳೆಯ ಗುಡಿಗಳಲ್ಲೊಂದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅಂದರೆ ಇದು ಅದಕ್ಕಿಂತ ನಾಲ್ಕು ವರ್ಷ ಹಿರಿದು. ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಒಂದೇ ಮಂಟಪಕ್ಕೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಗರ್ಭಗುಡಿಗಳು. ಹೊಯ್ಸಳರ ಗುಡಿಗಳಲ್ಲಿ ಇಂಥ ರಚನೆ ಅಪರೂಪ. ಈಶಾನ್ಯದಲ್ಲಿ ಭೈರವನಿಗೆ ಬೇರೆ ಗುಡಿ, ಪ್ರಾಕಾರದ ಮೂಲೆಗಳಲ್ಲಿ ನಾಲ್ಕು ಕಿರುಗುಡಿಗಳು. ಎಲ್ಲಕ್ಕೂ ಶಿಖರಗಳಿರುವುದರಿಂದ ಕೆರೆಯ ಏರಿಯ ಕಡೆಯಿಂದ ನೋಡುವವರಿಗೆ ಶಿಖರಗಳದೇ ಒಂದು ಹಿಂಡು ನಿಂತಂತೆ ತೋರುತ್ತದೆ. ಇವುಗಳಲ್ಲಿ ಹೆಚ್ಚಿನವು ಬೇಲೂರು ಹಳೇಬೀಡುಗಳ ರೀತಿಯವಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ, ಕದಂಬ ನಾಗರವೆಂದು ಪಂಡಿತರು ಕರೆಯುವ ಮಾದರಿಯವು.

ಈ ಗುಡಿಯ ಶಿಲ್ಪಿಯ ಹೆಸರು ಶಾಸನದಲ್ಲಿದೆ: ಮಲ್ಲೋಜ ಮಾಣಿಯೋಜ. ಆದರೆ ಅವನ ಕೆಲಸವನ್ನು ಕಾಣುವುದು ಸುಲಭವಲ್ಲ. ಬೇಲೂರನ್ನು ನೋಡಿ ಇಲ್ಲಿಗೆ ಬಂದವರು ಗೋಡೆಗಳನ್ನು ಸುತ್ತಿ, "ಇಲ್ಲೇನೂ ಕೆತ್ತನೆಯೇ ಇಲ್ಲವಲ್ಲ" ಎಂದು ಹೊರಟುಬಿಡುತ್ತಾರೆ. ಎತ್ತರದ ಜಗತಿಯಿಲ್ಲ, ಆನೆ ಕುದುರೆಗಳ ಸಾಲಿಲ್ಲ, ಮದನಿಕೆಯರಿಲ್ಲ. ಮಾಣಿಯೋಜನ ಜಾಣತನವಿರುವುದು ನಾಲ್ಕು ಗುಡಿಗಳನ್ನು ಒಂದು ಮಂಟಪಕ್ಕೆ ಹೊಂದಿಸಿದ ಲೆಕ್ಕಾಚಾರದಲ್ಲಿ, ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳಲ್ಲಿ, ಕಾಳಿಯ ಗುಡಿಯ ಬಾಗಿಲಿನ ಎರಡು ಕಡೆ ಎಲುಬು ಬಿಟ್ಟುಕೊಂಡು ನಿಂತಿರುವ ಬೇತಾಳಗಳಲ್ಲಿ. ಮಂಟಪದ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಅವನು ಕಾಣಿಸುತ್ತಾನೆ. ಅವನ ಹೆಸರಾದರೂ ಉಳಿದದ್ದು ದಾನಿಗಳ ಶಾಸನದಲ್ಲಿ, ದಾನಿಗಳ ಕೃಪೆಯಿಂದ. ಇದಕ್ಕೂ ಬಹು ಹಿಂದೆ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಉಳಿದದ್ದೂ ಹೀಗೆಯೇ. ಕೊಡುವವರು ಮನಸ್ಸು ಮಾಡಿದರೆ ಹೆಸರುಂಟು, ಇಲ್ಲವಾದರೆ ಇಲ್ಲ.

ಬೇಲೂರಿಗೆ ಬಂದರೆ ವಿಷಯವೇ ಬೇರೆ. ಅಲ್ಲಿ ರೂವಾರಿಗಳು ಇನ್ನೊಬ್ಬರು ಬರೆಯಿಸಲೆಂದು ಕಾಯಲಿಲ್ಲ. ತಾವು ಕಡೆದ ಬೊಂಬೆಯ ಕಾಲಡಿಯಲ್ಲಿ, ಪೀಠದ ಮೇಲೆ, ತಮ್ಮ ಹೆಸರನ್ನು ತಾವೇ ಕೆತ್ತಿದರು. ನಲವತ್ತೆರಡು ಮದನಿಕೆಯರಲ್ಲಿ ನಾಲ್ಕು ದಾಸೋಜನವು, ಐದು ಅವನ ಮಗ ಚಾವಣನವು ಎಂದು ಈ ಬರಹಗಳಿಂದಲೇ ನಾವು ತಿಳಿಯುತ್ತೇವೆ. ದಾಸೋಜನು ತನ್ನ ಊರು ಬಳ್ಳಿಗಾವೆಯೆಂದು ಹೇಳಿಕೊಂಡಿದ್ದಾನೆ. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಇಂದು ಬಸ್ಸಿನಲ್ಲಿ ಹೊರಟರೂ ಮುಕ್ಕಾಲು ದಿನದ ದಾರಿ. ಉಳಿಯ ಚೀಲವನ್ನು ಹೆಗಲಿಗೇರಿಸಿ ಅಷ್ಟು ದೂರದಿಂದ ಕೆಲಸ ಹುಡುಕಿ ಬಂದವನು ಊರಿನ ಹೆಸರನ್ನೇಕೆ ಕೆತ್ತಿದನು? ಮುಂದೆ ಗುಡಿ ಕಟ್ಟಿಸುವವನು ಯಾವನಾದರೂ ಈ ಬೊಂಬೆಯನ್ನು ಕಂಡು ಮೆಚ್ಚಿದರೆ, ಕಡೆದವನನ್ನು ಎಲ್ಲಿ ಹುಡುಕಬೇಕೆಂಬುದು ಗೊತ್ತಾಗಬೇಡವೆ? ನನ್ನ ಮಟ್ಟಿಗೆ ಇದು ಕೀರ್ತಿಯ ಆಸೆಗಿಂತ ಮೊದಲು ಹೊಟ್ಟೆಯ ವಿಚಾರ.

ಹೆಸರಿನ ಜೊತೆಗೆ ಬಿರುದುಗಳೂ ಉಂಟು. ಇವುಗಳ ಧಾಟಿ ಬಹಳ ಗಟ್ಟಿ. ಬಿರುದು ಹೊತ್ತ ಬೇರೆ ರೂವಾರಿಗಳೆಲ್ಲ ಬೆಟ್ಟಗಳಾದರೆ ತಾನು ಅವುಗಳನ್ನು ಸೀಳುವ ಸಿಡಿಲು ಎಂಬ ಅರ್ಥದ ಮಾತುಗಳು. ವಿನಯವೆಂಬುದು ಅಲ್ಲಿ ಸುಳಿಯುವುದೇ ಇಲ್ಲ. ಭಕ್ತಾದಿಗಳಿಗೆ ಇಂಥ ಮಾತು ಬೇಕಿರಲಿಲ್ಲ. ಚಾವಣಿಯಂಚಿನಲ್ಲಿರುವ ಮದನಿಕೆಯ ಪೀಠದ ಅಕ್ಷರ ಕೆಳಗೆ ನಿಂತವರಿಗೆ ಸುಲಭವಾಗಿ ಕಾಣುವುದೂ ಇಲ್ಲ. ಇವು ಪಕ್ಕದ ಅಟ್ಟಣಿಗೆಯ ಮೇಲೆ ಕುಳಿತು ಉಳಿ ಬಡಿಯುತ್ತಿದ್ದ ಇನ್ನೊಬ್ಬ ರೂವಾರಿ ಓದಲೆಂದು ಬರೆದವು ಎಂದೇ ನನಗೆ ತೋರುತ್ತದೆ.

ಇಲ್ಲಿ ಕಲ್ಲಿನ ಗುಣವನ್ನೂ ಹೇಳಬೇಕು. ಈ ಗುಡಿಗಳು ಬಳಪದ ಕಲ್ಲಿನವು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೊಡ್ಡಿದಂತೆ ಗಟ್ಟಿಯಾಗುತ್ತದೆ. ಮದನಿಕೆಯ ಕೈಬಳೆಯನ್ನೂ ಸರದ ಮಣಿಯನ್ನೂ ಬಿಡಿಸಲು ಅನುಕೂಲವಾದ ಆ ಮೆದುತನವೇ ಸಣ್ಣ ಅಕ್ಷರಗಳಲ್ಲಿ ಹೆಸರು ಕೊರೆಯುವುದಕ್ಕೂ ಅನುಕೂಲವಾಯಿತು.

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಇತಿಹಾಸದ ವಿದ್ಯಾರ್ಥಿಗಳು ಕೆಲವರು ಹೋಗಿದ್ದೆವು. ಅಲ್ಲಿಯ ಲಕ್ಷ್ಮೀನರಸಿಂಹ ಗುಡಿಯನ್ನು 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಅದರ ವಿಶೇಷವೇನೆಂದರೆ ತೆಂಕಣ ಗೋಡೆಯ ಮೂರ್ತಿಗಳು ನಂದಿಯ ಬೈಚೋಜನವು, ಬಡಗಣ ಗೋಡೆಯವು ಮಲ್ಲಿತಮ್ಮನವು. ಒಂದೇ ಗುಡಿ, ಎರಡು ಮಗ್ಗುಲು, ಇಬ್ಬರು ರೂವಾರಿಗಳು. ಪ್ರದಕ್ಷಿಣೆ ಮಾಡುವವನು ಬೇಡವೆಂದರೂ ಇಬ್ಬರನ್ನೂ ಹೋಲಿಸಿ ನೋಡಲೇಬೇಕು! ಇದಕ್ಕಿಂತ ಒಳ್ಳೆಯ ಪ್ರದರ್ಶನವನ್ನು ಯಾರು ಏರ್ಪಡಿಸಿಯಾರು? ಯಾರ ಕೈ ಮೇಲು ಎಂದು ನಮ್ಮ ಗುಂಪಿನಲ್ಲಿಯೂ ಎರಡು ಪಕ್ಷವಾಯಿತು. ಬಸ್ಸು ಬರುವವರೆಗೆ ವಾದ ಮುಗಿಯಲಿಲ್ಲ.

ಸಹಪಾಠಿಯೊಬ್ಬನು ಅಲ್ಲಿ ಒಂದು ಪ್ರಶ್ನೆಯನ್ನೆತ್ತಿದನು. ಇವು ಕೂಲಿಯ ಲೆಕ್ಕಕ್ಕಾಗಿ ಹಾಕಿದ ಗುರುತುಗಳೇಕಾಗಿರಬಾರದು? ಎಷ್ಟು ಬೊಂಬೆಗೆ ಎಷ್ಟು ಹಣವೆಂದು ಎಣಿಸಲು ಹೆಸರು ಬೇಕಲ್ಲವೆ? ತಳ್ಳಿಹಾಕುವ ಮಾತಲ್ಲ ಇದು. ಅಮೃತಾಪುರದಿಂದ ಸೋಮನಾಥಪುರದವರೆಗೆ ಸುಮಾರು ಅರುವತ್ತು ವರ್ಷಗಳ ಅವಧಿಯ ಗುಡಿಗಳಲ್ಲಿ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಸೋಮನಾಥಪುರವೊಂದರಲ್ಲಿಯೇ ನಲವತ್ತು ಮೂರ್ತಿಗಳು ಅವನವು. ಅವನು ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ 'ಮಲ್ಲಿ', ಇನ್ನು ಕೆಲವೆಡೆ ಬರಿಯ 'ಮ' ಎಂದಷ್ಟೇ ಕೆತ್ತಿದ್ದಾನೆ. 'ಮ' ಎಂಬ ಒಂಟಿ ಅಕ್ಷರವನ್ನು ಕಂಡಾಗ ಕೂಲಿಯ ಲೆಕ್ಕವೇ ನೆನಪಾಗುತ್ತದೆಂಬುದು ನಿಜ. ಆದರೆ ಲೆಕ್ಕಕ್ಕೆ ಊರೇಕೆ, ತಂದೆಯ ಹೆಸರೇಕೆ, ಸಿಡಿಲಿನ ಬಿರುದೇಕೆ? ಗುಮಾಸ್ತನಿಗೆ ಅವು ಯಾವುದೂ ಬೇಡ. ಎರಡು ಉದ್ದೇಶಗಳೂ ಒಂದೇ ಕಲ್ಲಿನಲ್ಲಿ ಸೇರಿರಬಹುದೆಂದು ಒಪ್ಪಿ ನಾವು ಮುಂದೆ ಹೋದೆವು.

ಇಷ್ಟು ಪಾಡುಪಟ್ಟು ಕೆತ್ತಿದ ಹೆಸರುಗಳನ್ನು ಮುಂದೆ ಓದುವವರೇ ಇಲ್ಲದಾದರು. ಹಳಗನ್ನಡದ ಲಿಪಿ ಜನರಿಗೆ ಅಪರಿಚಿತವಾಯಿತು. ಆ ತೆರವಿನಲ್ಲಿ ಜನ ಜಕಣಾಚಾರಿಯ ಕಥೆಯನ್ನು ಕಟ್ಟಿ ಹಾಡಿದರು. ಕೈದಾಳದ ಜಕಣಾಚಾರಿ, ಅವನ ಮಗ ಡಂಕಣ, ಕಲ್ಲಿನೊಳಗಿನ ಕಪ್ಪೆ: ನಮ್ಮ ಅಜ್ಜಿಯರಿಗೆಲ್ಲ ಗೊತ್ತಿರುವ ಕಥೆ. 1964ರಲ್ಲಿ ಬಿ.ಎಸ್. ರಂಗಾ ಅವರು ಇದನ್ನು ವರ್ಣಚಿತ್ರವಾಗಿ ತೆಗೆದರು. ಇಂದು ಶಿಲ್ಪಿಗಳಿಗೆ ಸರ್ಕಾರ ಕೊಡುವ ಪ್ರಶಸ್ತಿಗೂ ಅದೇ ಹೆಸರು. ಕಥೆಯ ಮೇಲೆ ನನಗೆ ಕೋಪವಿಲ್ಲ, ಕಥೆ ಚೆನ್ನಾಗಿಯೇ ಇದೆ. ಆದರೆ ಬೇಲೂರಿನ ಕಲ್ಲುಗಳಲ್ಲಿರುವುದು ದಾಸೋಜ, ಚಾವಣ, ಮಲ್ಲಿಯಣ್ಣ, ನಾಗೋಜರ ಹೆಸರುಗಳು. ನಮ್ಮ ಬಾಯಲ್ಲಿರುವುದು ಆ ಬರಹಗಳಲ್ಲಿಲ್ಲದ ಜಕಣಾಚಾರಿಯ ಹೆಸರು. 1902ರಲ್ಲಿ ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದ ಮೇಲೆ, 1919ರಲ್ಲಿ ಆರ್. ನರಸಿಂಹಾಚಾರ್ಯರು ಬೇಲೂರಿನ ಮೇಲೊಂದು, ದೊಡ್ಡಗದ್ದವಳ್ಳಿಯ ಮೇಲೊಂದು ಪುಸ್ತಕವನ್ನು ಪ್ರಕಟಿಸಿದ ಮೇಲೆ, ಏಳೆಂಟು ನೂರು ವರ್ಷ ಕಾದಿದ್ದ ಹೆಸರುಗಳಿಗೆ ಓದುಗರು ದೊರೆತರು. ಕವಿಗಳ ಚರಿತ್ರೆಯನ್ನು ಬರೆದ ಕೈಯೇ ರೂವಾರಿಗಳನ್ನೂ ಬೆಳಕಿಗೆ ತಂದಿತೆಂಬುದು ಕನ್ನಡ ಐಚ್ಛಿಕದ ಮಿತ್ರರು ಗಮನಿಸಬೇಕಾದ ವಿಷಯ.

ದೊಡ್ಡಗದ್ದವಳ್ಳಿ ಮಾತ್ರ ಹಿಂದೆಯೇ ಉಳಿಯಿತು. 2020ರ ನವೆಂಬರಿನಲ್ಲಿ ಅಲ್ಲಿಯ ಕಾಳಿಯ ವಿಗ್ರಹ ಭಗ್ನವಾದಾಗ ಊರಿನ ಹೆಸರು ಪತ್ರಿಕೆಗಳಲ್ಲಿ ಬಂದಿತು. ಪುರಾತತ್ತ್ವ ಇಲಾಖೆಯವರು ತುಂಡುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದರು. ನಾನು ಓದಿದ ವರದಿಗಳಲ್ಲಿ ಮಾಣಿಯೋಜನ ಹೆಸರಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಿಗಿಂತ ಹಿರಿಯದಾದ ಇದು ಆ ಪಟ್ಟಿಯಲ್ಲಿಲ್ಲ.

ಈಗಿನ ಕಾಲಕ್ಕೆ ಬರೋಣ. ಅವನೀಂದ್ರನಾಥ ಠಾಕೂರರ ಶಿಷ್ಯರಾದ ಕೆ. ವೆಂಕಟಪ್ಪನವರು ತಮ್ಮ ಕೃತಿಗಳಿಗೆ ಒಂದು ಚಿತ್ರಶಾಲೆಯಾಗಬೇಕೆಂದು ಕೊನೆಯವರೆಗೂ ಹಂಬಲಿಸಿದರು. ಅವರು 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ತೆರೆದದ್ದು ಆಮೇಲೆ, 1970ರ ದಶಕದಲ್ಲಿ. ಅಷ್ಟು ದೊಡ್ಡವರ ಪಾಡೇ ಹೀಗಿರುವಾಗ ಚಿಕ್ಕವರ ಮಾತೇನು?

ಚಿಕ್ಕವರೊಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ನನ್ನ ಸೋದರಮಾವ ಬೋರ್ಡು ಬರೆಯುವವರು. ಹೊಳೆನರಸೀಪುರದ ಕಡೆಯ ಹೋಟೆಲು, ದಿನಸಿ ಅಂಗಡಿ, ಲಾರಿಗಳ ಮೇಲೆ ಅವರ ಅಕ್ಷರವಿತ್ತು. ಪ್ರತಿ ಬೋರ್ಡಿನ ಬಲಮೂಲೆಯಲ್ಲಿ ಸಣ್ಣದಾಗಿ ಅವರ ಹೆಸರು, ಊರು. ಬಳ್ಳಿಗಾವೆಯ ದಾಸೋಜನೂ ಮಾಡಿದ್ದು ಇಷ್ಟನ್ನೇ. ಫ್ಲೆಕ್ಸು ಬಂದ ಮೇಲೆ ಆ ಕೆಲಸ ಇಳಿಯಿತು. ಅವರು ಬಿಡುವಿನಲ್ಲಿ ಗುಡಿಗಳ ಚಿತ್ರ ಬರೆಯತೊಡಗಿದರು. ಚಿತ್ರಗಳು ಮಂಚದ ಕೆಳಗೆ ಸೇರುತ್ತಿದ್ದವು. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2004ರಿಂದ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆಯನ್ನು ನಡೆಸುತ್ತ ಬಂದಿದೆ. ಅಲ್ಲಿ ಕಲಾವಿದನು ದಳ್ಳಾಳಿಯಿಲ್ಲದೆ ತನ್ನ ಚಿತ್ರವನ್ನು ತಾನೇ ಮಾರಬಹುದು. ಮಾವ ಅರ್ಜಿ ಹಾಕಿ ಜಾಗ ಪಡೆದರು. ಏಳು ಚಿತ್ರಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಒಯ್ದೆವು.

ಬೆಳಗಿನಿಂದ ಜನ ಹೊಳೆಯಂತೆ ಹರಿಯಿತು. ನಿಂತವರು ಕಡಿಮೆ, ನಿಂತವರಲ್ಲಿ ಫೋಟೋ ತೆಗೆದುಕೊಂಡು ಹೋದವರು ಹೆಚ್ಚು. ದೊಡ್ಡಗದ್ದವಳ್ಳಿಯ ಚಿತ್ರದ ಮುಂದೆ ನಿಂತವರೆಲ್ಲ ಇದು ಯಾವ ಊರೆಂದು ಕೇಳಿದರು. ಒಬ್ಬರು ಉತ್ತರದೇಶದ ಗುಡಿಯೆಂದೇ ತೀರ್ಮಾನಿಸಿದರು. ಸಂಜೆಯ ಹೊತ್ತಿಗೆ ಎರಡು ಮಾರಾಟವಾದವು. ಎರಡನೆಯದು ದೊಡ್ಡಗದ್ದವಳ್ಳಿ. ಕೊಂಡ ಹೆಂಗಸು ಚಿತ್ರವನ್ನು ಕೈಯಲ್ಲಿ ಹಿಡಿದು, ನಿಮ್ಮ ಸಹಿ ಎಲ್ಲಿ ಎಂದರು. ಮಾವ ಚಿತ್ರವನ್ನು ತಿರುವಿ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದುದನ್ನು ತೋರಿಸಿದರು. ಮುಂದೆ ಹಾಕಿ ಎಂದು ಆಕೆ ಹಟ ಹಿಡಿದ ಮೇಲೆ ಕುಂಚ ತೆಗೆದುಕೊಂಡರು. ಬೋರ್ಡಿನ ಮೇಲೆ ಧಾರಾಳವಾಗಿ ಹೆಸರು ಹಾಕುವವರು ಇಲ್ಲೇಕೆ ನಾಚಿದಿರಿ ಎಂದು ನಾನು ಬಸ್ಸಿನಲ್ಲಿ ಕೇಳಿದೆ.

"ಬೋರ್ಡ್ ಮೇಲೆ ಹೆಸರು ಹಾಕುದ್ರೆ ಇನ್ನೊಂದು ಬೋರ್ಡು ಸಿಕ್ತದೆ ಕಣಪ್ಪ. ಚಿತ್ರದ ಮೇಲೆ ಹಾಕುದ್ರೆ ಏನ್ ಸಿಕ್ತದೆ ಅಂತ ನನಗ್ ಗೊತ್ತಿರ್ಲಿಲ್ಲ" ಎಂದರು.

ಮುಂದಿನ ಸಂತೆಗೆಂದು ಅವರೀಗ ದೊಡ್ಡಗದ್ದವಳ್ಳಿಯನ್ನು ಮತ್ತೆ ಬರೆಯುತ್ತಿದ್ದಾರೆ. ಈ ಸಲ ಕೆರೆಯ ಕಡೆಯಿಂದ, ಎಲ್ಲ ಶಿಖರಗಳೂ ಕಾಣುವಂತೆ. ಗುಡಿ ಕಟ್ಟಿದವರು ಯಾರೆಂದು ಕೇಳುವವರಿಗೆ ಹೇಳಲು ಹೆಸರು ಬೇಕೆಂದರು. ನಾನು ಮಲ್ಲೋಜ ಮಾಣಿಯೋಜ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದನ್ನು ಎರಡು ಸಲ ಓದಿಕೊಂಡು, "ಇವರ್ದೂ ಹಾಕಾನ. ನನ್ನ ಹೆಸರಿಂದ ಮೇಲಕ್ಕೋ ಕೆಳಕ್ಕೋ?" ಎಂದು ಕೇಳಿದರು.