ಮಗುವಿನ ಹಸಿವೂ ಹಿರಿಯರ ಅಂಜಿಕೆಯೂ

“ನಮ್ಮ ಮಗು ಏನೂ ತಿನ್ನುವುದಿಲ್ಲ” ಎಂಬ ದೂರು ಕಿವಿಗೆ ಬೀಳದ ದಿನವಿಲ್ಲ. ದೂರುವ ತಾಯಿಯ ಸೊಂಟದ ಮೇಲೆ ಮಗುವು ಕಾಲು ಬಡಿಯುತ್ತ ನಗುತ್ತಿರುತ್ತದೆ! ಆದರೂ ನಿನ್ನೆಮೊನ್ನೆ ಬಟ್ಟಲು ಬರಿದುಮಾಡುತ್ತಿದ್ದ ಕೂಸು ಇಂದು ನಾಲ್ಕು ತುತ್ತಿಗೇ ಮುಖ ತಿರುಗಿಸಿದರೆ ಹೆತ್ತ ಕರುಳು ಅಂಜುವುದು ಸಹಜವೇ.

ಇಲ್ಲಿ ಒಂದು ಲೆಕ್ಕವನ್ನು ನೋಡೋಣ. ಹುಟ್ಟುವಾಗ 3 ಕಿಲೋಗ್ರಾಂ ತೂಗಿದ ಶಿಶುವು ವರ್ಷ ತುಂಬುವಾಗ ಸುಮಾರು 9 ಕಿಲೋಗ್ರಾಂ ತೂಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋಗ್ರಾಂ ಮಾತ್ರ. ಬಳಿಕ ವರ್ಷಕ್ಕೆ ಸುಮಾರು 2. ಬೆಳವಣಿಗೆಯ ಭರವು ಇಳಿದ ಮೇಲೆ ಹಸಿವಿನ ಭರವೂ ಇಳಿಯಬೇಕಷ್ಟೆ. ಇದನ್ನರಿಯದೆ ನಾವು ಗುಮ್ಮನನ್ನು ಕರೆಯುತ್ತೇವೆ, “ಅಪ್ಪನಿಗೊಂದು ತುತ್ತು, ಅಜ್ಜಿಗೊಂದು ತುತ್ತು” ಎನ್ನುತ್ತೇವೆ, ಈಚೆಗೆ ಮೊಬೈಲನ್ನು ಮುಂದಿರಿಸಿ ಮಗುವಿಗರಿವಿಲ್ಲದಂತೆ ಬಾಯಿಗೆ ತುರುಕುತ್ತೇವೆ. ಈ ತಪ್ಪನ್ನು ಮಾಡದವರು ನಮ್ಮಲ್ಲಿ ವಿರಳ.

ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶಾಲೆ ಸೇರದ ಮಕ್ಕಳಿಗೆ ಎರಡು ಬಗೆಯ ಸಾರನ್ನು ಕೊಟ್ಟು, ಒಂದನ್ನು ಮಾತ್ರ “ಮುಗಿಸು, ಮುಗಿಸು” ಎಂದು ಒತ್ತಾಯಿಸಲಾಯಿತು. ಒತ್ತಾಯಿಸದೆ ಬಿಟ್ಟಾಗಲೇ ಮಕ್ಕಳು ಹೆಚ್ಚು ಕುಡಿದರು, ಗೊಣಗಿದ್ದೂ ಕಡಿಮೆ.

ಅದಕ್ಕೂ ಹಿಂದೆ, ಕ್ಲಾರಾ ಡೇವಿಸ್ ಎಂಬ ವೈದ್ಯೆಯು ಆಗತಾನೆ ಮೊಲೆ ಬಿಟ್ಟ 15 ಶಿಶುಗಳ ಊಟವನ್ನು ಪರೀಕ್ಷಿಸಿ 1939ರಲ್ಲಿ ವರದಿಮಾಡಿದಳು. ಒಟ್ಟು 34 ಬಗೆಯ ಆಹಾರಗಳನ್ನು ಸರದಿಯಂತೆ ಮುಂದಿರಿಸಲಾಗುತ್ತಿತ್ತು. ದಾದಿಯು ಚಮಚ ಹಿಡಿದು ಸುಮ್ಮನೆ ಕುಳಿತಿರಬೇಕು. ಮಗು ಕೈಚಾಚಿದರೆ ಮಾತ್ರ ಉಣಿಸಬೇಕು. ಒಬ್ಬೊಬ್ಬರ ಆಯ್ಕೆಯೂ ಬೇರೆ, ದಿನದಿನಕ್ಕೂ ಬೇರೆ. ಆದರೂ ಎಲ್ಲರೂ ಪುಷ್ಟರಾಗಿ ಬೆಳೆದರು. ಆದರೆ ಆ ತಟ್ಟೆಗಳಲ್ಲಿ ಸಕ್ಕರೆಯಾಗಲಿ ಡಬ್ಬಿಯ ತಿನಿಸಾಗಲಿ ಇರಲಿಲ್ಲವೆಂಬುದನ್ನು ಮರೆಯಲಾಗದು. ಏನನ್ನು, ಯಾವಾಗ ಬಡಿಸಬೇಕೆಂಬುದು ಹಿರಿಯರ ಕೈಯಲ್ಲಿಯೇ ಇತ್ತು; ಎಷ್ಟು ಉಣ್ಣಬೇಕೆಂಬುದು ಮಾತ್ರ ಮಗುವಿನದು.

ನಮ್ಮ ಕಾಸರಗೋಡಿನ ಮನೆಗಳಲ್ಲಿ ಇದಕ್ಕೆ ಬೇರೆ ಸಿದ್ಧತೆ ಬೇಡ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಬಾಳೆಹಣ್ಣು—ಇವು ಸಾಕು. ಊಟಕ್ಕೆ ಅರ್ಧ ಗಂಟೆ ಮುಂಚೆ ಗೂಡಂಗಡಿಯ ಬಿಸ್ಕತ್ತು ಕೊಟ್ಟು, ಆಮೇಲೆ ಹಸಿವಿಲ್ಲವೆಂದು ಗದರಿಸುವುದು ನ್ಯಾಯವಲ್ಲ. ಬಸಳೆಯನ್ನೋ ಹಾಗಲಕಾಯಿಯನ್ನೋ ಮಗು ಮೊದಲ ದಿನ ಮುಟ್ಟಿ ನೋಡೀತು, ಮೂಸೀತು, ಉಗುಳೀತು. ಮುನಿಯದೆ ಇನ್ನೊಂದು ದಿನ ಚಿಟಿಕೆಯಷ್ಟನ್ನು ತಟ್ಟೆಯ ಅಂಚಿಗೆ ಬಡಿಸಬೇಕು. ಹೊಸ ರುಚಿಯೊಂದು ಒಗ್ಗುವುದಕ್ಕೆ ಹತ್ತು ಹದಿನೈದು ಬಾರಿ ಬೇಕಾಗುವುದುಂಟು. ನಾವಾದರೋ ಮೂರನೆಯ ಸಲಕ್ಕೇ ಕೈಬಿಡುತ್ತೇವೆ. ವಿದ್ಯಾರ್ಥಿಗಳೇ, ಪಕ್ಕದಲ್ಲಿ ಕುಳಿತ ನೀವು ಹಾಗಲಕಾಯಿಗೆ “ಛೀ” ಎಂದರೆ ನಿಮ್ಮ ಪುಟ್ಟ ತಂಗಿಯೂ ಹಾಗೆಯೇ ಅನ್ನುವಳು.

ಹಾಗೆಂದು ಎಲ್ಲ ನಿರಾಕರಣೆಯನ್ನೂ ಹಗುರವಾಗಿ ಎಣಿಸಲಾಗದು. ಅಂಗನವಾಡಿಯ ತಕ್ಕಡಿಯಲ್ಲಿ ತಿಂಗಳುಗಟ್ಟಲೆ ತೂಕವೇರದಿದ್ದರೆ, ಮಗು ಆಟದಲ್ಲಿ ಬಳಲಿದರೆ, ನುಂಗುವಾಗ ಕೆಮ್ಮಿದರೆ, ನೆರೆಹೊರೆಯವರ ಸಲಹೆಗಾಗಿ ಕಾಯದೆ ವೈದ್ಯರ ಬಳಿಗೆ ಹೋಗಬೇಕು.